ಅಡ್ಡಿಯಿಲ್ಲ ಎಂಬ ಮಾತಿನ ಬಗ್ಗೆ

ಗದಗ
ಜೂನ್ ಮೂವತ್ತೊಂದು, ೨೧೭೧

ಪೂಜ್ಯ ನೀಲಗಂಗಜ್ಜಿಯವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಇದನ್ನು ಹರಿದು ಎಸೆಯಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಜೂನ್ ಮೂವತ್ತಕ್ಕೇ ಮುಗಿಯುತ್ತದೆ ಎಂಬುದು ನನಗೆ ಗೊತ್ತು. ನಾವು ಡಿಸೆಂಬರಿನಿಂದ ಒಂದು ದಿನ ಕಿತ್ತು ಜೂನಿಗೆ ಸೇರಿಸಿಕೊಂಡಿದ್ದೇವೆ. ಆ ದಿನ ಯಾವ ಅಂಗಡಿಯೂ ಗಿರಾಕಿಗಳಿಗೆ ತೆರೆಯುವುದಿಲ್ಲ. ಯಜಮಾನರೂ ಕೆಲಸದವರೂ ಒಂದೇ ಜಮಖಾನದ ಮೇಲೆ ಕೂತು, ಅರ್ಧ ವರ್ಷ ಹೇಗೆ ಹೋಯಿತು, ಉಳಿದರ್ಧ ಹೇಗೆ ಹೋಗಬೇಕು ಎಂದು ಮಾತಾಡುತ್ತಾರೆ. ಇದಕ್ಕೆ ನಡುವರ್ಷದ ಕೂಟ ಎನ್ನುತ್ತೇವೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅಜ್ಜಿ ಎಂದು ಕರೆದದ್ದಕ್ಕೂ ಸಿಟ್ಟಾಗಬೇಡಿ. ಈ ಓಲೆ ಕೈಸೇರುವಾಗ ನಿಮಗೆ ಒಂದು ಕೂದಲೂ ನರೆತಿರುವುದಿಲ್ಲ. ನಾನು ನಿಮ್ಮ ಮರಿಮಗಳ ಮೊಮ್ಮಗಳು, ದಾನಮ್ಮ.

ನೀವು ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಲು ಬಾಡಿಗೆಗೆ ಹಿಡಿದ ಆ ಅಂಗಡಿಯಲ್ಲಿಯೇ ನಾನು ಗಾಳಿಗೋಪುರಗಳ ರೆಕ್ಕೆ ರಿಪೇರಿ ಮಾಡಿಸುತ್ತೇನೆ. ನಗಬೇಡಿ. ನಿಮ್ಮ ಕಾಲದಲ್ಲಿ ಗಾಳಿಗೋಪುರವೆಂದರೆ ಹಗಲುಗನಸಂತೆ. ನಮಗೆ ಅದು ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತು ತಿರುಗುವ, ತಿರುಗದಿದ್ದರೆ ಊರಿಗೆಲ್ಲ ಕತ್ತಲು ಕವಿಸುವ ಕಂಬ. ಧೂಳು ಬಡಿದು ರೆಕ್ಕೆಯ ಅಂಚು ಸವೆಯುತ್ತದೆ, ಅದನ್ನು ಇಳಿಸಿ ತಂದು ಉಜ್ಜಿ, ಅಂಟು ಬಳಿದು ಕಳಿಸುತ್ತೇವೆ. ನಡುಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ, ಅದಕ್ಕೆ ಬಿಸಿಲುಸೂಟಿ ಎಂದು ಹೆಸರು. ಸಂಜೆ ಮತ್ತೆ ಕೆಲಸ, ನಡುವೆ ಚಹಾ. ಪ್ರತಿಯೊಬ್ಬರ ಚಹಾಕಪ್ಪಿಗೂ ಗೋಡೆಯಲ್ಲಿ ಅವರವರದೇ ಮೊಳೆ ಇದೆ. ಆ ಪದ್ಧತಿ ನಿಮ್ಮದೇ ಎಂದು ನಮ್ಮ ಮನೆಯವರು ಹೇಳುತ್ತಾರೆ. ಚಹಾದ ಜೊತೆ ತಿನ್ನುವ ಗಿರ್ಮಿಟ್ಟು ಮಿರ್ಚಿ ಮಾತ್ರ ಬದಲಾಗಿಲ್ಲ, ಕೂಟದ ದಿನ ಅದು ಬರದಿದ್ದರೆ ಕೂಟವೇ ಅಲ್ಲ.

ನಿಮ್ಮಿಂದ ಬಂದದ್ದು ಇನ್ನೊಂದಿದೆ. ನಿಮ್ಮ ಅಂಗಡಿಯ ಹುಸೇನಬಿ ಸುಟ್ಟುಹೋದ ಮೋಟಾರೊಂದನ್ನು ಹೊಸದರಂತೆ ಮಾಡಿ ತಂದು ನಿಮ್ಮ ಮುಂದಿಟ್ಟಾಗ, ನೀವು ತಿರುಗಿಸಿ ನೋಡಿ "ಅಡ್ಡಿಯಿಲ್ಲ" ಎಂದಿರಂತೆ. ಅವಳು ಇನ್ನೇನಾದರೂ ಬರುತ್ತದೇನೋ ಎಂದು ನಿಂತೇ ಇದ್ದಳಂತೆ. ನೀವು ಮುಂದಿನ ಮೋಟಾರು ಕೈಗೆತ್ತಿಕೊಂಡಿರಂತೆ. ಈ ಕಥೆಯನ್ನು ನಾವು ಪ್ರತಿ ಹಬ್ಬಕ್ಕೂ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಇಂದು ನನಗೆ ನಗು ಬರುತ್ತಿಲ್ಲ.

ನನ್ನ ಅಂಗಡಿಯಲ್ಲಿ ಫಕ್ಕೀರವ್ವ ಎಂಬಾಕೆ ಇದ್ದಾಳೆ. ಇದ್ದಾಳೆ ಎಂದೇ ಬರೆಯುತ್ತೇನೆ. ಬಾಯಿ ಜೋರು, ನಗು ಅದಕ್ಕಿಂತ ಜೋರು. ಅವಳು ಬಂದರೆ ಅಂಗಡಿಗೆ ಬೆಳಗಾಗುತ್ತದೆ. ಮುನಿಸಿಕೊಂಡವರನ್ನು ಬೈದು ಜೋಡಿಸುವವಳು, ಜ್ವರ ಬಂದವರ ಪಾಲಿನ ಕೆಲಸವನ್ನು ಸುಮ್ಮನೆ ಮುಗಿಸಿಡುವವಳು ಅವಳೇ. ತಂಡಕ್ಕೆ ಹುರುಪು ತುಂಬುವುದು ಹೇಗೆ ಎಂದು ಸಣ್ಣ ಯಜಮಾನರಿಗೆಲ್ಲ ವರ್ಷವಿಡೀ ಪಾಠಗಳು ಬರುತ್ತವೆ. ನಾನು ಅವನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ, ನನಗೆ ಫಕ್ಕೀರವ್ವ ಇದ್ದಳು. ಹೋದ ಕೂಟದಲ್ಲಿ ಅವಳಿಗೆ ಹೇಳಿದ್ದೆ, ಮುಂದಿನ ಸಲ ಮೇಸ್ತ್ರಿ ನೀನೇ ಎಂದು.

ಆಮೇಲೆ ಮೈಲಾರಿ, ನಮ್ಮ ಅಂಟಿನ ಕೆಲಸದವನು, ಹುಬ್ಬಳ್ಳಿಯ ದೊಡ್ಡ ಕಾರ್ಖಾನೆಯೊಂದು ಕರೆಯುತ್ತಿದೆ ಎಂದ. ಒಳ್ಳೆಯ ಕೆಲಸಗಾರ. ಅವನು ಹೋದರೆ ಗತಿ ಏನು ಎಂದು, ಹೇಗಾದರೂ ಅವನನ್ನು ಉಳಿಸಿಕೊಳ್ಳಲು ಹೊರಟೆ. ಫಕ್ಕೀರವ್ವ ಎಲ್ಲಿಗೆ ಹೋಗುತ್ತಾಳೆ, ಅವಳು ನಮ್ಮವಳು ಎಂದುಕೊಂಡೆ. ಅಜ್ಜೀ, ನಮ್ಮವರು ಎಂದುಕೊಂಡವರಿಗೇ ನಾವು ಮೋಸ ಮಾಡುವುದು.

ಇಂದು ಬೆಳಿಗ್ಗೆ ಅವಳು ಇಳಕಲ್ ಸೀರೆ ಉಟ್ಟು ಬಂದಳು. ರೆಕ್ಕೆ ಉಜ್ಜುವ ಅಂಗಡಿಗೆ ಯಾರೂ ಹಾಗೆ ಬರುವುದಿಲ್ಲ. ಯಾಕೆ ಉಟ್ಟಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ಮೈಲಾರಿಯನ್ನು ಮೇಸ್ತ್ರಿ ಎಂದು ಸಾರಿದೆ. ಎಲ್ಲರೂ ಫಕ್ಕೀರವ್ವನ ಕಡೆ ತಿರುಗಿದರು. ಆಗ ನಾನು ಕೇಳಿದೆ, "ಏನ್ ಫಕ್ಕೀರವ್ವ, ನಿನಗೇನೂ ಅಡ್ಡಿ ಇಲ್ಲಲ್ಲ?"

ಅವಳು ಸೆರಗು ಸರಿಮಾಡಿಕೊಂಡು, "ಅಡ್ಡಿಯಿಲ್ಲ ಬಿಡ್ರಿ ಅಕ್ಕಾರ," ಎಂದಳು.

ಕೂಟದ ನಡುವೆ ನಾವು ಹುರುಪುದೀಪ ಎಂಬುದನ್ನು ಇಡುತ್ತೇವೆ. ಅದು ಮಾತುಗಳನ್ನು ಕೇಳಿಸಿಕೊಂಡು, ತಂಡ ಒಮ್ಮನಸ್ಸಿನಲ್ಲಿದ್ದರೆ ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪಾಗುತ್ತದೆ. ಅದು ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಿರ್ಚಿ ಬಂತು. ದೀಪವನ್ನು ದೂಷಿಸಲಾರೆ, ಅದು ಎಲ್ಲೋ ದೂರದಲ್ಲಿ ತಯಾರಾದದ್ದು. ನಾನು ಹುಟ್ಟಿದ್ದು ಗದಗಿನಲ್ಲಿ. ಇಲ್ಲಿ ಅಡ್ಡಿಯಿಲ್ಲ ಎಂದರೆ ಒಪ್ಪಿಗೆಯೂ ಹೌದು, ಮೆಚ್ಚುಗೆಯೂ ಹೌದು, ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ ಇನ್ನು ಮಾತಾಡಿಸಬೇಡಿ ಎಂಬುದೂ ಹೌದು. ಅದರಲ್ಲಿ ಯಾವುದು ಅವಳ ಬಾಯಿಂದ ಬಂತೆಂದು ನನಗೆ ಅಲ್ಲೇ ತಿಳಿಯಿತು. ತಿಳಿದೂ ದೀಪ ಹೇಳಿದ್ದನ್ನೇ ನಂಬಿದವಳಂತೆ ನಕ್ಕೆ. ನನಗೆ ನಾಚಿಕೆಯಾಗುತ್ತಿದೆ.

ಎಲ್ಲರೂ ಹೋದ ಮೇಲೆ ಜಮಖಾನ ಮಡಚುತ್ತ ಗೋಡೆ ನೋಡಿದೆ. ಅವಳ ಮೊಳೆ ಬರಿದಾಗಿತ್ತು. ಕಪ್ಪನ್ನು ತೊಳೆದು, ಮನೆಗೆ ಒಯ್ದಿದ್ದಾಳೆ. ನಮ್ಮಲ್ಲಿ ಕೆಲಸ ಬಿಡುವವರು ಹೇಳಿಹೋಗುವ ಪದ್ಧತಿ ಇಲ್ಲ. ಕಪ್ಪು ಒಯ್ಯುತ್ತಾರೆ.

ಆಗ ಈ ಹಿಂದೋಲೆ ಬರೆಯಲು ಕೂತೆ. ಹಿಂದಿನವರಿಗೆ ಕಳಿಸುವ ಓಲೆಗೆ ಆ ಹೆಸರು. ಯಜಮಾನರಾದವರಿಗೆ ಜೀವಮಾನದಲ್ಲಿ ಒಂದೇ ಒಂದು ಕಳಿಸಲು ಅವಕಾಶವಿದೆ. ಹೆಚ್ಚಿನವರು ಯಾವ ವ್ಯಾಪಾರ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಬರೆಯುತ್ತಾರೆ. ನಾನು ಇದೊಂದನ್ನೇ ಬೇಡುತ್ತೇನೆ. ನೀವೂ ಇಷ್ಟರಲ್ಲೇ ನಿಮ್ಮ ಜನರನ್ನು ಕೂರಿಸಿಕೊಂಡು ಮೊದಲ ಕೂಟ ಮಾಡುತ್ತೀರಿ. ಹುಸೇನಬಿ ಆ ಮೋಟಾರು ತಂದಿಡುವುದು ನಿಮಗಿನ್ನೂ ಮುಂದಿದೆ, ಆಗ ಎಷ್ಟು ಚಂದ ಮಾಡಿದ್ದೀ ಎಂದುಬಿಡಿ. ಅವಳು ಅಡ್ಡಿಯಿಲ್ಲ ಎಂದಾಗ ಅವಳ ಮುಖ ನೋಡಿ. ಆ ಒಂದು ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುವುದನ್ನು ನಮಗೆ ಕಲಿಸಬೇಡಿ.

ಇಷ್ಟು ಬರೆದ ಮೇಲೆ ಒಂದು ವಿಷಯ ಹೊಳೆದು ಕೈ ನಿಂತಿತು. ನಿಮ್ಮ ಮೇಲೆ ಹೊರಿಸಿ ಹಗುರಾಗಲು ನೋಡುತ್ತಿದ್ದೇನೆ. ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಓಲೆ ಕಳಿಸಲು ಕೂತಿದ್ದೇನೆ, ಫಕ್ಕೀರವ್ವನ ಮನೆ ಇರುವುದು ಹಿಂದಿನ ಓಣಿಯಲ್ಲಿ.

ಆದ್ದರಿಂದ ಇಲ್ಲಿಗೆ ಮುಗಿಸುತ್ತೇನೆ, ಅಜ್ಜೀ. ಇನ್ನೂ ಬೆಳಕಿದೆ. ಮೈಲಾರಿಯನ್ನು ಮೇಸ್ತ್ರಿ ಮಾಡಿದ್ದು ತಪ್ಪೆಂದು ಅವನಿಗೂ ಹೇಳಬೇಕಾಗುತ್ತದೆ. ಅವನು ಹೋದರೆ ಹೋಗಲಿ, ಅದು ನಾನು ಅನುಭವಿಸಬೇಕಾದದ್ದು. ಮೊದಲು ಅವಳ ಮನೆಗೆ ಹೋಗಿ, ಹೊಸ್ತಿಲಲ್ಲೇ, ನಾನು ನಿನಗೆ ಅನ್ಯಾಯ ಮಾಡಿದೆ ಎನ್ನುತ್ತೇನೆ. ಅವಳು ಏನನ್ನುತ್ತಾಳೆಂದು ನನಗೆ ಈಗಲೇ ಕೇಳಿಸುತ್ತಿದೆ. "ಅಡ್ಡಿಯಿಲ್ಲ ಬಿಡ್ರಿ ಅಕ್ಕಾರ" ಎನ್ನುತ್ತಾಳೆ.

ಈ ಸಲ ನಾನು ಎದ್ದು ಬರುವುದಿಲ್ಲ. ಅವಳು ಬೇರೆ ಏನಾದರೂ ಹೇಳುವವರೆಗೆ, ಬೈಗುಳವಾದರೂ ಸರಿಯೇ, ಅಲ್ಲೇ ಕೂತಿರುತ್ತೇನೆ.

ನಿಮ್ಮ
ದಾನಮ್ಮ