ಗುಡಗೇರಿಯಿಂದ ಆ ನೀರಿಗೆ

ಗುಡಗೇರಿ,
೯ ಆಗಸ್ಟ್ ೧೯೭೬

ಪ್ರೀತಿಯ ಮಡಿವಾಳೆಪ್ಪಾ,

ನಿನ್ನ ಕೆಮ್ಮು ಕಡಿಮಿ ಆತೇನು? ಮುಂಬಯಿ ಮಳ್ಯಾಗ ತೊಯ್ಸಿಕೊಂಡು ಆಫೀಸಿಗೆ ಹೋಗಬ್ಯಾಡ. ಖಾನಾವಳಿ ಊಟ ಸೇರದಿದ್ರ ಬರಿ, ಶೇಂಗಾ ಚಟ್ನಿ ಕಳಿಸ್ತೀನಿ. ಇಲ್ಲಿ ಅತ್ತಿಯವರಿಗೆ ಮೊಣಕಾಲು ನೋವು, ಉಳಿದದ್ದೆಲ್ಲಾ ನೆಟ್ಟಗೈತಿ.

ನಿಮ್ಮಣ್ಣ ಹಡಗಿನ್ಯಾಗ ಜ್ವರ ಬಂದು ತೀರಿಕೊಂಡು ವರ್ಷಾತು. ನಮ್ಮವರಿಗೆ ಮಣ್ಣು ಕೊಡೋದು; ಅವರಿಗೆ ಮಣ್ಣೂ ಸಿಗಲಿಲ್ಲ, ಕಪ್ತಾನ ನೀರಿಗೆ ಬಿಟ್ಟ. ಹಡಗಿನ ಕಂಪನಿಯವರು ಬರೆದು ತಿಳಿಸಿದ್ದು ಆ ಜಾಗಾದ ಅಕ್ಷಾಂಶ, ರೇಖಾಂಶ ಅಷ್ಟ. 'ನನ್ನ ಈರಬಸಪ್ಪನ್ನ ಎಲ್ಲಿ ಇಟ್ಟಾರ ಅಂತ ತಿಳಿಯೋತನಕಾ ಅವನ ಹೆಸರಿನ ಗಣಾರಾಧನಿ ಊಟಾ ಮಾಡಬ್ಯಾಡ್ರಿ' ಅಂತ ಅತ್ತಿಯವರು ಹಟ ಹಿಡಿದ್ರು. ಅದಕ್ಕ ನಾನು ನಿನಗ ಬರೆದೆ. ನೀನು ಆ ಅಂಕಿ, ನಮ್ಮೂರಿನ ಅಂಕಿ ಎರಡೂ ಕಾರ್ಡಿನ್ಯಾಗ ತೂತು ಹೊಡೆದು ನಿಮ್ಮ ಆಫೀಸಿನ ಕಂಪ್ಯೂಟರಿಗೆ ಕೊಟ್ಟಿ. ಏಳುನೂರಾ ಮೂವತ್ತು ಮೈಲು, ನೆಟ್ಟಗ ಪಡುವಣಕ್ಕ ಅಂತ ಬರೆದಿ. ಓದಿ ಹೇಳಿದಾಗ ಅತ್ತಿಯವರು ಜ್ವಾಳಾ ಹಸನ ಮಾಡಾಕ್ಹತ್ತಿದ್ರು, ಕೈಯಾಗಿನ ಮೊರಾ ಬಾಜೂಕ ಇಟ್ರು. 'ಕಾಶಿ ಎಷ್ಟ ದೂರ ಐತಿ ಸುಶೀ?' ಅಂದ್ರು. ಮಶಾಕಸಾಬ ಮಾಸ್ತರ ಮನಿಗೆ ಹೋಗಿ ನಕಾಶಿ ಮ್ಯಾಲ ದಾರ ಹಿಡಿದು ಅಳೆದು ಬಂದೆ. ಎಂಟುನೂರರ ಮ್ಯಾಲ ಐತ್ರಿ ಅಂದೆ. 'ಹಂಗಾರ ನನ್ನ ಮಗಾ ಕಾಶಿಗಿಂತ ಸಮೀಪ ಅದಾನ' ಅಂದು ಸೆರಗು ಬಾಯಿಗೆ ಒತ್ತಿಕೊಂಡ್ರು. ಸುದ್ದಿ ಬಂದಾಗಿಂದ ಅವರು ಅತ್ತದ್ದು ಅವತ್ತ ಮೊದಲು. ಮರುದಿನ ಮಠಕ್ಕ ಹೋಗಿ ಅಯ್ಯನೋರನ್ನ ತಾವ ಕರಕೊಂಡು ಬಂದ್ರು. ಗಣಾರಾಧನಿ ಆತು. ನನ್ನ ಬಾಜೂಕ ಕುಂತು ಹೊಟ್ಟಿ ತುಂಬ ಉಂಡ್ರು.

ಈಗ ನೋಡಿದ್ರ ನಿನ್ನ ಎರಡನೇ ಪತ್ರ. ದಕ್ಷಿಣ ಅಕ್ಷಾಂಶದ ಮುಂದ ಕಳೆಯೋ ಚಿಹ್ನೆ ಹಾಕೋದು ಮರೆತೆ, ಯಂತ್ರ ಉತ್ತರ ಅಂತ ತಿಳಕೊಂಡಿತು, ಖರೇ ದೂರ ಎರಡು ಸಾವಿರ ಮೈಲು, ಭೂಮಧ್ಯರೇಖೆಯ ಆಚಿಗೆ ಅಂತ ಬರೆದಿ. ದೀಪಾವಳಿಗೆ ಬಂದು ಅವ್ವನ ಕಾಲು ಹಿಡಿದು ಹೇಳ್ತೀನಿ ಅಂದೀ. ಬ್ಯಾಡಪ್ಪಾ. ಪತ್ರ ಬಂದಾಗ 'ಏನ್ ಬರ್ದಾನ?' ಅಂತ ಕೇಳಿದ್ರು. 'ಕೆಮ್ಮು ಹೆಚ್ಚಾಗೇತಂತ್ರಿ' ಅಂದೆ. ಅವರು ಮಗನ್ನ ಇನ್ನೊಮ್ಮೆ ಕಳಕೊಳ್ಳೋದು ನನಗ ನೋಡಾಕ ಆಗೂದಿಲ್ಲ. ನೀನೂ ಅದನ್ನ ನೆನೆಸಿ ನೆನೆಸಿ ಊಟಾ ಬಿಡಬ್ಯಾಡ. ನೀನು ಬೇಕಂತ ಮಾಡಿದ್ದಲ್ಲ, ಅದು ನನಗ ತಿಳಿತೈತಿ.

ಹಬ್ಬಕ್ಕ ತಪ್ಪದ ಬಾ. ಈ ಮಾತೊಂದು ಅಲ್ಲೇ ಬಿಟ್ಟು ಬಾ. ಅವ್ವನ ಕೈ ನಿನ್ನ ತಲಿ ಮ್ಯಾಲ ಇರಲಿ.

ನಿನ್ನ ವೈನಿ,
ಸುಶೀಲವ್ವ

ತಾ.ಕ.: ಟಪಾಲು ಚೀಲ ಕಟ್ಟಾಕ್ಹತ್ತಾರ, ಅವಸರದಾಗ ಬರೀತೀನಿ. ಅತ್ತಿಯವರು ದಿನಾ ಸಂಜಿಕ ಹಿತ್ತಲದಾಗ ನಿಂತು ಪಡುವಣಕ್ಕ ಕೈ ಮುಗೀತಾರ. ನಾನೂ ಬಾಜೂಕ ನಿಂತು ಮುಗೀತೀನಿ. ನಿಮ್ಮಣ್ಣ ಅತ್ತಾಗ ಇಲ್ಲ ಅಂತ ಈಗ ನನಗ ಗೊತ್ತೈತಿ. ತಾಯಿಗೆ ಹಂಗ ಇರಲಿ. ಆದ್ರ ನಾನು ಹೇಣ್ತಿ, ನನಗ ಖರೇದ್ದ ಬೇಕು. ಇಲ್ಲಿ ನಿಂತ್ರ ಯಾವ ಕಡೆ ಮುಖ ಮಾಡಬೇಕು, ಆ ಯಂತ್ರಕ್ಕ ಕೇಳಿ ನನಗೊಬ್ಬಾಕಿಗೆ ಬರಿ.