ಎರಡು ಫಾರಂ, ಒಂದೇ ಕೈಬರಹ

ಲೋರ್ನಾ,

ನಿನ್ನ ವಿಳಾಸ ನನ್ನಲ್ಲಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿರಬೇಕು.

ನಾನೀಗ ನಮ್ಮ ಕಾಲೇಜಿನಲ್ಲೇ, ಯಾವ ವಿಷಯ ಆರಿಸಿಕೊಳ್ಳಬೇಕೆಂದು ತೋಚದ ಎರಡನೇ ವರ್ಷದವರಿಗೆ ಸಲಹೆಗಾರ್ತಿ. ವಿಷಯ ನಮೂದಿಸಲು ಇಂದು ಕೊನೆಯ ದಿನ. ಬ್ರಿಜೆಟ್ ಮತ್ತು ಥಿಯಾ ಎಂಬ ರೂಮ್‌ಮೇಟುಗಳು ಬಂದರು. ಇಬ್ಬರ ಫಾರಂನಲ್ಲೂ ಬಯಾಲಜಿ ಎಂದಿತ್ತು; ಎರಡೂ ಬ್ರಿಜೆಟ್‌ಳ ಕೈಬರಹ.

"ಇವಳನ್ನ ಬಿಟ್ರೆ ಬೇಸಿಗೆವರೆಗೂ ಯೋಚಿಸ್ತಾ ಕೂರ್ತಾಳೆ ಮೇಡಂ. ಅದಕ್ಕೇ ನಾನೇ ತುಂಬಿಸ್ಬಿಟ್ಟೆ."

"ನೀನು ಸ್ವಲ್ಪ ಹೊರಗೆ ಕೂತಿರಮ್ಮ," ಎಂದೆ.

ಬಾಗಿಲು ಮುಚ್ಚಿದ ಮೇಲೆ ಥಿಯಾ ತನ್ನ ಫಾರಂ ಅನ್ನು ನನ್ನತ್ತ ಸರಿಸಿದಳು. "ನಂಗೆ ಕಲ್ಲು ಬಂಡೆ ಬಗ್ಗೆ ಓದೋದು ಇಷ್ಟ. ಜಿಯಾಲಜಿ. ಆದ್ರೆ ಅವಳು ಒಬ್ಬಳೇ ಆಗ್ಬಿಡ್ತಾಳಲ್ಲ?"

ಹೊಸ ಫಾರಂ ಕೊಟ್ಟೆ. ಅವಳೇ ಬರೆದಳು.

ಹೊರಗೆ ಬ್ರಿಜೆಟ್ ಇಬ್ಬರ ಕೋಟುಗಳನ್ನೂ ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಆ ಮುಖ ನನಗೆ ಗೊತ್ತು. ಅಂದು, ನೀನೂ ನಾನೂ ಇಲ್ಲೇ ರೂಮ್‌ಮೇಟುಗಳಾಗಿದ್ದಾಗ, ನಾನು ತುಂಬಿದ ನಮ್ಮಿಬ್ಬರ ಫಾರಂಗಳಿಗೆ ಸಲಹೆಗಾರರು ತಲೆಯೆತ್ತದೆ ಸಹಿ ಹಾಕಿದ್ದರು. ಅವರನ್ನು ದೂರುವುದು ಸುಲಭ. ನಾನು ಬರೆದುಕೊಟ್ಟ ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾಗಿ, ಕಾಲೇಜು ಬಿಟ್ಟು ಹೊರಟಾಗಲೂ ನೀನು ನನಗೆ ಒಂದು ಮಾತು ಅನ್ನಲಿಲ್ಲ.

ನಿನಗೆ ಯಾವ ವಿಷಯ ಇಷ್ಟವಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.