ಗಾಜಿನ ಕಡಲಿಗೆ ಎರೆದ ನೀರು

ಭಾನುವಾರ, ಬೆಳಗಿನ ಎಂಟು ಗಂಟೆ

ಕಡಲ ಮೇಲಿರುವ ನನ್ನ ಕಂದನಿಗೆ, ನೆಲದ ಮೇಲೆ ಕುಳಿತೂ ನೆಲೆಗಾಣದ ನಿನ್ನ ತಾಯಿ ಮನಸಾರೆ ಮಾಡುವ ಆಶೀರ್ವಾದ.

ಪತ್ರದ ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲವೂ ಕ್ಷೇಮ’ ಎಂದು ಬರೆಯುವುದು ನನ್ನ ತಂದೆ ನನಗೆ ಕಲಿಸಿದ ಮರ್ಯಾದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ನಾನೂ ಮಕ್ಕಳಿಗೆ ಅದನ್ನೇ ಕಲಿಸಿದೆ. ಈ ಪತ್ರದಲ್ಲಿ ಆ ಸಾಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನೀನು ಹೊರಟ ಮೇಲೆ ಬರೆದ ಮೂರು ಕಾಗದಗಳಲ್ಲಿಯೂ ಆ ಸಾಲನ್ನು ಬರೆದಿದ್ದೇನೆ. ಮೊದಲನೆಯದರಲ್ಲಿ ಅದು ನಿಜವಾಗಿತ್ತು. ಉಳಿದೆರಡರಲ್ಲಿ ಸುಳ್ಳು.

ಹೊರಡುವ ದಿನ ನೀನು ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು ಹೇಳಿದ ಮಾತು ಅಕ್ಷರ ತಪ್ಪದೆ ನೆನಪಿದೆ. “ಅಮ್ಮ, ತೊಟ್ಟೀಲಿ ಏನಾದ್ರೂ ಸತ್ರೆ ಸತ್ತಿತು ಅಂತ ಬರಿ. ಅಳ್ತೀನಿ, ಆಮೇಲೆ ಸುಮ್ಮನಾಗ್ತೀನಿ. ಚೆನ್ನಾಗಿದೆ ಅಂತ ಮಾತ್ರ ಸುಳ್ಳು ಬರೀಬೇಡ. ಅಪ್ಪನ ವಿಷಯದಲ್ಲಿ ಒಂದು ಸಲ ಆಯ್ತು, ಸಾಕು. ಇನ್ನೊಂದು ಸಲ ಆದ್ರೆ ನಿನ್ನ ಕಾಗದ ಒಡೆಯೋಕೆ ನನಗೆ ಕೈ ಬರಲ್ಲ.” ಇನ್ನು ಹನ್ನೊಂದು ದಿನಕ್ಕೆ ನಿನ್ನ ಹಡಗು ಬಂದರು ಸೇರುತ್ತದೆ, ಅಲ್ಲಿಯ ಅಂಚೆಚೀಲದಲ್ಲಿ ಇದು ನಿನಗೆ ಸಿಗುತ್ತದೆ. ಇದನ್ನು ಓದಿದ ಮೇಲೆ ನನ್ನ ಮುಂದಿನ ಕಾಗದವನ್ನು ನೀನು ಒಡೆಯುವೆಯೋ ಇಲ್ಲವೋ ಎಂಬುದೊಂದೇ ಈಗ ನನಗಿರುವ ಭಯ.

ಮೊದಲ ತಿಂಗಳು, ಮೀನು, ಹವಳ ಸಾಕಿರುವ ಆ ಉಪ್ಪುನೀರಿನ ಗಾಜಿನ ತೊಟ್ಟಿಗಾಗಿ ನೀನು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಶಾಸ್ತ್ರದಂತೆ ಪಾಲಿಸಿದೆ. ಹತ್ತಕ್ಕೆ ತೊಟ್ಟಿಯ ದೀಪ ಹೊತ್ತಿತೇ ಎಂದು ನೋಡಿದೆ. ಉಷ್ಣಮಾಪಕವನ್ನು ದಿನಕ್ಕೆರಡು ಸಲ ಓದಿದೆ. ನೊರೆ ತೆಗೆಯುವ ಯಂತ್ರದ ಬಟ್ಟಲಲ್ಲಿ ಸೇರಿದ ಕಂದು ಕೊಳೆಯನ್ನು, ಮೂಗು ಮುಚ್ಚಿಕೊಂಡೇ ಆದರೂ, ತಪ್ಪದೆ ಚೆಲ್ಲಿದೆ. ‘ಮೀನು ಯಾವಾಗಲೂ ಹಸಿದ ಮುಖ ಮಾಡುತ್ತೆ, ನಂಬಬೇಡ, ಆಹಾರ ಚಿಟಿಕೆ ಮೀರಿದರೆ ಪಾಚಿ’ ಎಂದು ಕೆಂಪಕ್ಷರದಲ್ಲಿ ಬರೆದಿದ್ದೆಯಲ್ಲ, ಆ ಮೀನುಗಳ ನಟನೆಗೂ ನಾನು ಕರಗಲಿಲ್ಲ. ಉಸಿರಾಡುವ ಜೀವಗಳನ್ನು ಗಾಜಿನೊಳಗೆ ಕೂಡಿಹಾಕುವುದು ಪಾಪವೆಂದು ಆರು ವರ್ಷ ನಿನ್ನೊಡನೆ ವಾದಿಸಿದವಳು, ಬೆಳಿಗ್ಗೆ ಪ್ರಾರ್ಥನಾಪುಸ್ತಕ ಮುಚ್ಚಿದೊಡನೆ ಹಜಾರಕ್ಕೆ ಬಂದು ಆ ತೊಟ್ಟಿಯ ಮುಂದೆ ಕುರ್ಚಿ ಎಳೆದು ಕೂರತೊಡಗಿದೆ. ನಿನ್ನ ಗಡಿಯಾರದಯ್ಯನಂತೂ ನನ್ನ ವಾದವನ್ನೆಲ್ಲ ಸೋಲಿಸಿಬಿಟ್ಟ. ಮಿದುಳಿನ ಸುರುಳಿಗಳಂಥ ಮೈಯ ಆ ಹಸಿರು ಹವಳ, ದೀಪ ಹೊತ್ತಿದ ಕಾಲು ಗಂಟೆಗೆ ಸರಿಯಾಗಿ ಉಬ್ಬಿಕೊಳ್ಳುವುದನ್ನು ಕಂಡಾಗ, ಗಡಿಯಾರ ರಿಪೇರಿಯ ಮೇಜಿಗೆ ಕ್ಷಣ ತಪ್ಪದೆ ಹೋಗಿ ಕೂರುತ್ತಿದ್ದ ನಿನ್ನ ಅಪ್ಪನ ಅಡ್ಡಹೆಸರನ್ನು ಅದಕ್ಕೇಕೆ ಇಟ್ಟೆಯೆಂದು ನನಗೆ ತಿಳಿಯಿತು. ಅವರು ತೀರಿಕೊಂಡ ತಿಂಗಳಲ್ಲಿ ನೀನು ತಂದಾಗ ನಾಣ್ಯದಷ್ಟಿತ್ತು, ಈಗ ಅಂಗೈಯಗಲ.

ತಪ್ಪು ನಡೆದದ್ದು ನೀರಿನಲ್ಲಿ.

ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಆದ್ದರಿಂದ ತಗ್ಗಿದಷ್ಟು ಸಿಹಿನೀರನ್ನೇ ತುಂಬಬೇಕು ಎಂದು ಬರೆದಿದ್ದೆ. ಅದರ ಕೆಳಗೆ ಎರಡು ಗೆರೆ ಎಳೆದು, ‘ಕ್ಯಾನಿನ ಶುದ್ಧ ನೀರು ಮಾತ್ರ. ಬೇರೇನೂ ಸೇರಿಸಬೇಡ’ ಎಂದಿದ್ದೆ. ನಾನು ಬೇರೇನೂ ಸೇರಿಸಲಿಲ್ಲ, ಮಗಳೇ. ಎರಡನೆಯ ತಿಂಗಳಿಗೆ ಬಂದ ಕ್ಯಾನಿನ ನೀರಿಗೆ ಪ್ಲಾಸ್ಟಿಕ್ಕಿನ ವಾಸನೆ ಇತ್ತು. ಅದನ್ನು ಹಾಗೆಯೇ ಹೊಯ್ಯಲು ಮನಸ್ಸೊಪ್ಪದೆ, ನನ್ನ ತಾಮ್ರದ ಬಿಂದಿಗೆಯನ್ನು ಹುಳಿ ಹಚ್ಚಿ ಫಳಫಳ ಬೆಳಗಿ, ಅದರಲ್ಲಿ ತುಂಬಿಟ್ಟೆ. ನಮ್ಮ ಮನೆತನದಲ್ಲಿ ನಾಲ್ಕು ತಲೆಮಾರು ಕುಡಿದದ್ದು ಆ ಬಿಂದಿಗೆಯ ನೀರನ್ನು. ಮರುದಿನ ಬೆಳಿಗ್ಗೆ ನಿನ್ನ ಹೆಸರು ಹೇಳಿ, ದೇವರ ಹೆಸರು ಹೇಳಿ, ಎರಡು ಚೊಂಬು ಎರೆದೆ. ದಿನವೂ ಎರೆದೆ. ನೀರು ನೀನು ಹೇಳಿದ್ದೇ, ಪಾತ್ರೆಯೊಂದು ನನ್ನದು. ನಿನ್ನ ಮಾತು ಮೀರಿದೆನೆಂದು ನನಗೆ ಅನ್ನಿಸಲೇ ಇಲ್ಲ.

ಹಾಗೆ ಎರೆಯತೊಡಗಿದ ಮೂರನೆಯ ವಾರಕ್ಕೆ ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳು ಒಂದೊಂದಾಗಿ ಮರಳಿನ ಮೇಲೆ ಅಂಗಾತ ಬೀಳತೊಡಗಿದವು. ನಾನು ಕೋಲಿನಿಂದ ಮಗುಚಿ ನಿಲ್ಲಿಸಿದೆ, ಅವು ಮತ್ತೆ ಬಿದ್ದವು. ಆಮೇಲೆ ಕೆಂಪುಪಟ್ಟೆಯ ಸೀಗಡಿ ಬಂಡೆಯ ಮರೆಯಲ್ಲಿ ಅಲುಗದೆ ಬಿದ್ದಿತ್ತು. ‘ಸೀಗಡಿ ಪೊರೆ ಕಳಚುತ್ತೆ, ಖಾಲಿ ಚಿಪ್ಪು ಕಂಡರೆ ಗಾಬರಿಯಾಗಬೇಡ’ ಎಂಬ ನಿನ್ನ ಟಿಪ್ಪಣಿಯನ್ನು ನೆನೆದು, ಎರಡು ದಿನ ಆ ಹೆಣವನ್ನು ಪೊರೆಯೆಂದೇ ನಂಬಿದೆ. ಅಂದರೆ, ನಂಬಬಯಸಿದೆ. ಪಾಚಿ ತಿನ್ನುವ ಹುಳುಗಳು ಹೋದದ್ದರಿಂದ ಬಂಡೆಗಳ ಮೇಲೆ ಹಸಿರು ಕೂದಲು ಬೆಳೆಯಿತು. ಗಡಿಯಾರದಯ್ಯ ಹತ್ತು ಗಂಟೆಯ ದೀಪಕ್ಕೆ ಉಬ್ಬುವುದನ್ನು ನಿಲ್ಲಿಸಿದ. ಹನ್ನೊಂದಾಯಿತು, ಹನ್ನೆರಡಾಯಿತು, ಅವನ ಮೈ ಕುಗ್ಗಿ ಅಂಚಿನಲ್ಲಿ ಬಿಳಿ ಎಲುಬು ಕಾಣಿಸಿಕೊಂಡಿತು. ಅಂದೇ ಮಧ್ಯಾಹ್ನ ಆ ತೊಟ್ಟಿಯ ಎದುರಿನ ಕುರ್ಚಿಯಲ್ಲಿಯೇ ಕುಳಿತು ನಿನಗೆ ‘ಇಲ್ಲಿ ಎಲ್ಲವೂ ಕ್ಷೇಮ, ನಿನ್ನ ಕಡಲೂ ಕ್ಷೇಮ’ ಎಂದು ಬರೆದೆ. ಮತ್ತು, ಇದನ್ನು ಬರೆಯುವಾಗ ಲೇಖನಿ ಹಿಂಜರಿಯುತ್ತದೆ, ರೋಗ ಏರಿದಂತೆ ಮದ್ದನ್ನೂ ಏರಿಸಿದೆ. ಪ್ರಾರ್ಥನೆಯನ್ನು ಇಮ್ಮಡಿಸಿದೆ. ತೊಟ್ಟಿಯ ನೀರನ್ನು ಒಂದಿಷ್ಟು ಮೊಗೆದು ಚೆಲ್ಲಿ, ಎರಡು ಚೊಂಬಿನ ಜಾಗದಲ್ಲಿ ನಾಲ್ಕು ಎರೆದೆ.

ಹತ್ತು ದಿನ ಹಾಗೆಯೇ ತಳ್ಳಿ, ಮೂರನೆಯ ಕಾಗದವನ್ನೂ ಸುಳ್ಳಾಗಿ ಬರೆದು ಮುಗಿಸಿ, ಕಡೆಗೆ ನೀನು ಸಮುದ್ರರಾಜನೆಂದು ಹೆಸರಿಟ್ಟ ಆ ಸಾಕುಮೀನಿನ ಅಂಗಡಿಯವನಲ್ಲಿಗೆ ಹೋದೆ. ಅವನು ಕಟಕಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನೆ ಕೇಳಿದ. ಮೀನು ಹೇಗಿದೆ ಎಂದ, ಓಡಾಡಿಕೊಂಡಿದೆ ಎಂದೆ. “ಮೀನು ಬದುಕಿ ಹುಳ, ಸೀಗಡಿ ಸತ್ತಿದೆ ಅಂದ್ರೆ ಅದು ಕಾಯಿಲೆ ಅಲ್ಲಮ್ಮ, ವಿಷ. ಸೊಳ್ಳೆ ಔಷಧಿ ಹೊಡೆದ್ರಾ? ಸೋಪಿನ ಕೈ ಹಾಕಿದ್ರಾ?” ಎಂದು ಕೇಳಿದ. ನನಗೆ ಕೋಪ ಬಂತು. ನಮ್ಮ ಮನೆಯ ಹೊಸಿಲು ದಾಟಿ ವಿಷವೆಂಬುದು ಇದುವರೆಗೆ ಬಂದಿಲ್ಲ ಎಂದೆ. “ಬಂದಿಲ್ಲ ಅಂದ್ರೆ ಒಳಗೇ ಇತ್ತು ಅಂತಾಯ್ತು, ನಡೀರಿ ನೋಡೋಣ” ಎಂದು ಅಂಗಡಿಗೆ ಬೀಗ ಹಾಕಿ ನನ್ನೊಡನೆ ಹೊರಟೇಬಿಟ್ಟ.

ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವನಿಗೆ, ಬಂದವರಿಗೆ ಕೊಡುವಂತೆ, ಒಂದು ಲೋಟ ನೀರು ಕೊಟ್ಟೆ. ಗಟಗಟನೆ ಕುಡಿದು, “ಆಹಾ, ಏನು ರುಚಿ! ಯಾವುದರಲ್ಲಿ ಇಟ್ಟಿರ್ತೀರಮ್ಮ?” ಎಂದು ಕೇಳಿದ. ನಾನು ಹೆಮ್ಮೆಯಿಂದ ಬಿಂದಿಗೆ ತೋರಿಸಿದೆ. ತೋರಿಸಿದ್ದು ಸಾಲದೆ, ನಿನ್ನ ಮೀನುಗಳಿಗೂ ಇದೇ ನೀರು, ನಾನು ಭೇದ ಮಾಡುವವಳಲ್ಲ ಎಂದೆ. ಅವನು ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಚೀಲದಿಂದ ಗಾಜಿನ ನಳಿಗೆ ತೆಗೆದು ತೊಟ್ಟಿಯ ನೀರಿಗೆ ಒಂದು ಔಷಧಿಯ ಹನಿಗಳನ್ನು ಬಿಟ್ಟು ನನ್ನ ಮುಖದ ಮುಂದೆ ಹಿಡಿದ. ನೀರು ಬಣ್ಣ ತಿರುಗಿತು. “ತಾಮ್ರ, ಅಮ್ಮ. ನಮಗೆ ಅಮೃತ, ಮೀನು ಹೇಗೋ ತಡ್ಕೊಳ್ಳುತ್ತೆ. ಹವಳ, ಸೀಗಡಿ, ಹುಳಕ್ಕೆ ಇದೇ ಯಮ. ಅದರಲ್ಲೂ ಕ್ಯಾನ್ ನೀರಲ್ಲಿ ಏನೂ ಇರಲ್ಲ ನೋಡಿ, ಹಸಿದಿರುತ್ತೆ, ಪಾತ್ರೇನೇ ತಿಂದುಬಿಡುತ್ತೆ” ಎಂದ.

ಅವನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಂದೇ ಇದ್ದಿಲಿನ ಚೀಲವನ್ನೂ ತಾಮ್ರ ಹೀರುವ ಒಂದು ಬಿಳಿಯ ಮೆತ್ತೆಯನ್ನೂ ನೀರು ಹರಿಯುವ ದಾರಿಯಲ್ಲಿಟ್ಟ. ಮರುದಿನ ದೊಡ್ಡ ಡ್ರಮ್ಮಿನಲ್ಲಿ ಕ್ಯಾನಿನ ನೀರಿಗೆ ಕಡಲುಪ್ಪಿನ ಪುಡಿ ಕಲಸಿ, ಇಡೀ ದಿನ ಮೋಟಾರಿನಿಂದ ತಿರುಗಿಸಿ, ಉಪ್ಪಿನಂಶವನ್ನೂ ಬಿಸಿಯನ್ನೂ ತೊಟ್ಟಿಗೆ ಸಮನಾಗಿಸಿ, ಕಾಲುಪಾಲು ನೀರು ಬದಲಿಸಿದೆವು. ಎರಡು ದಿನ ಬಿಟ್ಟು ಇನ್ನೊಮ್ಮೆ, ಮತ್ತೆರಡು ದಿನ ಬಿಟ್ಟು ಮಗದೊಮ್ಮೆ. ಆ ಮೆತ್ತೆ ವಾರದಲ್ಲಿ ನೀಲಿಯಾಗಿ ಹೊರಬಂತು. ನನ್ನ ಭಕ್ತಿಯ ಬಣ್ಣ ಅದೆಂದು ನೋಡಿದೆ. ಇನ್ನು ನಾನೇನು ಮಾಡಲಿ ಎಂದು ಕೇಳಿದರೆ, “ಕಾಯಿರಿ. ನೀವು ಕೈ ಹಾಕದೆ ಕೂತ್ರೆ ಅದಕ್ಕಿಂತ ದೊಡ್ಡ ಪೂಜೆ ಇಲ್ಲ” ಎಂದ.

ಸತ್ತವು ಇವು: ಬಸವನಹುಳುಗಳು ಹನ್ನೊಂದೂ, ಸೀಗಡಿಗಳೆರಡೂ, ಶಂಖದೊಳಗಿನ ಚಿಕ್ಕ ಏಡಿಗಳೆಲ್ಲವೂ, ಬಲಮೂಲೆಯಲ್ಲಿ ಗಾಳಿಗೆ ತೂಗುವ ಹೂವಿನಂತಿದ್ದ ಆ ಕಂದು ಹವಳವೂ. ಮೀನುಗಳು ಬದುಕಿವೆ. ಗಡಿಯಾರದಯ್ಯನ ಮೈಯಲ್ಲಿ ಮೂರರಲ್ಲೊಂದು ಪಾಲು ಬರಿಯ ಬಿಳಿಯ ಎಲುಬು. ಉಳಿದದ್ದು ಹಸಿರಾಗಿಯೇ ಇದೆ, ಆದರೆ ಉಬ್ಬುವುದಿಲ್ಲ. ಉಳಿದೀತೇ ಎಂದರೆ ಸಮುದ್ರರಾಜ ಎರಡು ಕೈಯನ್ನೂ ಮೇಲಕ್ಕೆತ್ತುತ್ತಾನೆ.

ಇನ್ನೊಂದನ್ನೂ ಹೇಳಿಬಿಡಬೇಕು. ನಾನು ಅಳುತ್ತಿದ್ದುದನ್ನು ಕಂಡು, ಅವನು ಕಳೆದ ಬುಧವಾರ ದನಿ ತಗ್ಗಿಸಿ, ಮರುಕದಿಂದಲೇ, “ಈಗ ಹಾಕಿರೋ ಹೊಸ ಮೆತ್ತೆ ಬಿಳಿ ಆಗೇ ಉಳೀತಿದೆ, ನೀರು ಸರಿಹೋಯ್ತು. ಅದೇ ಜಾತಿ ಹುಳ, ಅದೇ ಪಟ್ಟೆ ಸೀಗಡಿ ತಂದು ಬಿಡ್ಲಾ? ಮಗಳಿಗೆ ಗೊತ್ತೇ ಆಗಲ್ಲ. ನಾನಂತೂ ಬಾಯಿ ಬಿಡಲ್ಲ” ಎಂದ. ನಾನು ಆಗಲಿ ಎಂದೆ. ಹೌದು, ಎಂದೆ. ಗುರುವಾರ ಚೀಲ ಬಂತು. ಒಳಗಿನ ನೀರು ತೊಟ್ಟಿಯ ಬಿಸಿಗೆ ಹೊಂದಲೆಂದು ಚೀಲವನ್ನು ಕಟ್ಟಿದಂತೆಯೇ ತೇಲಿಬಿಟ್ಟು ಅವನು ಅಂಗಡಿಗೆ ಹೋದ. ಅರ್ಧ ಗಂಟೆ ಬಿಟ್ಟು ಬರುತ್ತೇನೆಂದ. ಹೊಸ ಸೀಗಡಿ ಆ ಚೀಲದೊಳಗಿಂದಲೇ ಗಡಿಯಾರದಯ್ಯನ ಬಿಳಿಯ ಅಂಚಿನ ಕಡೆ ಮೀಸೆ ಆಡಿಸುತ್ತಿತ್ತು. ಅದರ ತಪ್ಪೇನೂ ಇರಲಿಲ್ಲ. ಆದರೂ ಅದನ್ನು ನೋಡುತ್ತ ಕುಳಿತವಳಿಗೆ, ಆರು ವರ್ಷದ ಹಿಂದೆ ಇದೇ ಹಜಾರದಲ್ಲಿ, ಒಳಕೋಣೆಯಿಂದ ನಿನ್ನ ಅಪ್ಪನ ಕೆಮ್ಮು ಕೇಳಿಸುತ್ತಿರುವಾಗಲೇ ‘ನಿನ್ನ ತಂದೆಯವರೂ ಕ್ಷೇಮ’ ಎಂದು ದುಂಡಾದ ಅಕ್ಷರದಲ್ಲಿ ಬರೆದ ನನ್ನ ಕೈ ಕಾಣಿಸಿತು. ಅವನು ಬಂದಾಗ ಚೀಲ ಬಿಚ್ಚಿರಲಿಲ್ಲ. ಹಿಂದಕ್ಕೆ ಒಯ್ಯಪ್ಪ ಎಂದೆ. “ಯಾಕಮ್ಮ?” ಎಂದ. ಸತ್ತವರ ಜಾಗ ಖಾಲಿಯೇ ಇರಲಿ, ಅವಳು ಬಂದು ನೋಡಲಿ ಎಂದೆ.

ಅಪ್ಪನ ವಿಷಯದಲ್ಲಿ ನಾನು ಯಾಕೆ ಮುಚ್ಚಿಟ್ಟೆನೆಂದು ನೀನು ಕೇಳಿದಾಗಲೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಅದು ನಿನ್ನ ಮೊದಲ ಯಾನ, ಕಡಲ ಆಳ ಅಳೆಯುವ ಹಡಗಿನಲ್ಲಿ ಹೆಣ್ಣುಮಗಳಿಗೆ ಆ ಕೆಲಸ ಸಿಕ್ಕಿದ್ದೇ ಹೆಚ್ಚು, ನಡುವೆ ಬಿಟ್ಟು ಬಂದರೆ ಕೈತಪ್ಪುತ್ತಿತ್ತು ಎಂದು. ಅದು ನಿಜ, ಆದರೆ ಅರ್ಧ. ಇನ್ನರ್ಧವನ್ನು ಇವತ್ತು ಬರೆಯುತ್ತೇನೆ. ನಾನು ಅವರ ಆಯುಸ್ಸಿಗಾಗಿ ಪ್ರಾರ್ಥನೆಗೆ ಕುಳಿತಿದ್ದೆ. ಒಂದು ಕೈಯಲ್ಲಿ ಜಪ ಎಣಿಸುತ್ತ ಇನ್ನೊಂದು ಕೈಯಲ್ಲಿ ಮಗಳಿಗೆ ‘ಬೇಗ ಬಾ’ ಎಂದು ಬರೆದರೆ, ದೇವರು ಎರಡರಲ್ಲಿ ಯಾವುದನ್ನು ನಂಬಿಯಾನು ಎಂದುಕೊಂಡೆ. ಬರೆಯದೆ ಉಳಿಯುವುದನ್ನೇ ಭಕ್ತಿಯೆಂದು ತಿಳಿದೆ. ನೀನು ಬಂದಾಗ ಅವರ ಮೇಜಿನ ಮೇಲಿನ ಗಡಿಯಾರಗಳೆಲ್ಲ ನಿಂತಿದ್ದವು. ಅಂದು ನೀನು ನನ್ನನ್ನು ಬೈಯಲಿಲ್ಲ. “ಅಪ್ಪ ನನಗೆ ಒಂದು ಸಾಲೂ ಬರೀಲಿಲ್ಲ, ಅಲ್ವಾ ಅಮ್ಮ” ಎಂದಷ್ಟೇ ಕೇಳಿದೆ. ನಾನು ನಿನಗೆ ನೀರು ತಂದುಕೊಟ್ಟೆ. ಅದೇ ಬಿಂದಿಗೆಯ ನೀರು.

ಹತ್ತಾಗುತ್ತಿದೆ, ದೀಪ ಹೊತ್ತುವ ಹೊತ್ತು. ನೋಡಿ ಬಂದು ಬರೆಯುತ್ತೇನೆ.

ನೋಡಿ ಬಂದೆ. ಉಬ್ಬಿಲ್ಲ. ಇರುವುದನ್ನು ಇರುವಂತೆ ಬರೆದಿದ್ದೇನೆ.

ಬಿಂದಿಗೆಯನ್ನು ಕವುಚಿಟ್ಟು ಕಾಯುತ್ತಿರುವ,
ನಿನ್ನ ಅಮ್ಮ

ಕೊನೆಗೆ ಉಳಿಸಿಕೊಂಡದ್ದು: ಈ ಲಕೋಟೆಯೊಳಗೆ ಇನ್ನೊಂದು ಚಿಕ್ಕ ಲಕೋಟೆಯಿದೆ. ಅದರ ಮೇಲಿರುವ ನಿನ್ನ ಹಡಗಿನ ವಿಳಾಸ ನನ್ನ ಅಕ್ಷರದಲ್ಲಿಲ್ಲ. ಯಾರದೆಂದು ನೋಡಿದೊಡನೆ ನಿನಗೆ ತಿಳಿಯುತ್ತದೆ. ತೀರಿಕೊಳ್ಳುವ ಒಂಬತ್ತು ದಿನ ಮೊದಲು, ದಿಂಬಿಗೆ ಒರಗಿ ಕುಳಿತು, ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬರೆದರು. “ಇವತ್ತೇ ಅಂಚೆಗೆ ಹಾಕಿಬಿಡು” ಎಂದರು. ಸಂಜೆ, ಹಾಕಿದೆ ಎಂದೆ. ಆಮೇಲೆ ದಿನವೂ “ಉತ್ತರ ಬಂತಾ?” ಎಂದು ಕೇಳುತ್ತಿದ್ದರು. ಆರು ವರ್ಷ ಅದು ನನ್ನ ಪ್ರಾರ್ಥನಾಪುಸ್ತಕದ ನಡುವೆ ಇತ್ತು. ಅಂಟು ಬಿಚ್ಚಿಲ್ಲ, ಒಳಗೇನಿದೆಯೋ ನಾನರಿಯೆ. ಉತ್ತರ ಬರೆಯುವ ಮನಸ್ಸಾದರೆ ಮೊದಲು ಅವರಿಗೆ ಬರೆ. ಅಂಚೆಗೆ ಹಾಕುವ ಕೆಲಸವನ್ನು ಮಾತ್ರ ನನಗೆ ಕೊಡಬೇಡ.